ಬೆಳಿಗ್ಗೆ ತಂಪು, ಮಧ್ಯಾಹ್ನ ಬರೀ ಗಾಳಿ: ಎಸಿಗೆ ಪ್ರತಿ ವರ್ಷ ಗ್ಯಾಸ್ ಹಾಕಿಸಬೇಕಾ?

ಪ್ರಶ್ನೆ: ನಮ್ಮ ಮನೆ ಶಿವಮೊಗ್ಗದ ವಿನೋಬನಗರದಲ್ಲಿದೆ. ಮಹಡಿ ಮೇಲಿನ ಬೆಡ್‌ರೂಮಿಗೆ ನಾಲ್ಕು ವರ್ಷದ ಹಿಂದೆ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ಹಾಕಿಸಿದೆವು. ರೂಮು 12ಕ್ಕೆ 13 ಅಡಿ. ಮೇಲೆ ತಾರಸಿ, ಪಶ್ಚಿಮಕ್ಕೆ ಕಿಟಕಿ. ಕಳೆದ ಬೇಸಿಗೆಯಲ್ಲಿ ತಂಪು ಕಡಿಮೆ ಆಯ್ತು ಅಂತ ಗ್ಯಾಸ್ ಹಾಕಿಸಿದೆವು. ಮಳೆಗಾಲದಲ್ಲಿ ಬಾಲ್ಕನಿಗೆ ಇರಚಲು ಹೊಡೆಯುತ್ತದೆ ಅಂತ ಔಟ್‌ಡೋರ್ ಯೂನಿಟ್ಟಿಗೆ ತಗಡಿನ ಗೂಡು ಮಾಡಿಸಿದ್ದೇವೆ, ಮುಂದೆ ಗಾಳಿಗೆ ಕಿಂಡಿ ಬಿಟ್ಟಿದ್ದಾರೆ. ಈಗ ಬೆಳಿಗ್ಗೆ ಎಸಿ ಚೆನ್ನಾಗಿ ತಂಪು ಮಾಡುತ್ತದೆ. ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ 18ಕ್ಕೆ ಇಟ್ಟರೂ ಬರೀ ಗಾಳಿ. ರಾತ್ರಿ ಹತ್ತರ ಮೇಲೆ ಮತ್ತೆ ಪರವಾಗಿಲ್ಲ. ಮೆಕ್ಯಾನಿಕ್ ಫೋನಿನಲ್ಲೇ ಗ್ಯಾಸ್ ಮುಗಿದಿದೆ ಅನ್ನುತ್ತಾರೆ. ಪ್ರತಿ ವರ್ಷ ಹೀಗೆ ಹಾಕಿಸಬೇಕಾ? ಹೊಸ ಎಸಿ ತಗೊಳ್ಳೋದೇ ವಾಸಿಯಾ? ಮನೆಯಲ್ಲಿ ನಾವೇ ಏನಾದರೂ ನೋಡಬಹುದಾ?

ಉತ್ತರ: ಗ್ಯಾಸ್ ಮಾತು ಸದ್ಯಕ್ಕೆ ಬಿಡಿ. ಮೊದಲು ಆ ತಗಡಿನ ಗೂಡು ಬಿಚ್ಚಿಸಿ.

ಯಾಕೆ ಅಂದರೆ, ಬೆಳಿಗ್ಗೆ ಸರಿ, ಮಧ್ಯಾಹ್ನ ಇಲ್ಲ, ರಾತ್ರಿ ಮತ್ತೆ ಸರಿ ಅಂತ ನೀವೇ ಬರೆದಿದ್ದೀರಿ. ಎಸಿ ಕೆಟ್ಟಿದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದೇ ಇದನ್ನು: ಯಾವ ಹೊತ್ತಿನಲ್ಲಿ ಕೆಲಸ ಮಾಡಲ್ಲ? ಗ್ಯಾಸ್ ತೀರಾ ಸೋರಿ ಹೋಗಿದ್ದರೆ ಎಸಿ ಬೆಳಿಗ್ಗೆಯೂ ಸೊರಗಿರುತ್ತದೆ. ಬಿಸಿಲೇರಿದಾಗ ಮಾತ್ರ ಸೋತು, ಬಿಸಿಲಿಳಿದ ಮೇಲೆ ಚೇತರಿಸಿಕೊಳ್ಳುತ್ತದೆ ಅಂದರೆ, ಬಹುಪಾಲು ಸಲ ಅದು ರೂಮಿನಿಂದ ಎಳೆದ ಬಿಸಿಯನ್ನು ಹೊರಗೆ ಬಿಡಲು ಒದ್ದಾಡುತ್ತಿದೆ ಅಂತ ಅರ್ಥ. ಗ್ಯಾಸ್ ಸ್ವಲ್ಪವೇ ಕಡಿಮೆ ಆಗಿದ್ದರೂ ಮಧ್ಯಾಹ್ನವೇ ಗೊತ್ತಾಗುತ್ತದೆ, ಅದನ್ನು ಆಮೇಲೆ ನೋಡೋಣ. ಆದರೆ ಕಣ್ಣೆದುರೇ ಗೂಡು ಇರುವಾಗ ಮೊದಲ ಅನುಮಾನ ಅದರ ಮೇಲೇ.

ಎಸಿ ತಂಪನ್ನು ತಯಾರು ಮಾಡುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೇ. ಒಂದೂವರೆ ಟನ್ ಅಂದರೆ ಸುಮಾರು 5.2 ಕಿಲೋವ್ಯಾಟ್ ಬಿಸಿಯನ್ನು ರೂಮಿನಿಂದ ತೆಗೆಯುವ ಶಕ್ತಿ. ಅದರ ಜೊತೆಗೆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ತಾನೇ ಎಳೆಯುವ ಒಂದೂವರೆ ಕಿಲೋವ್ಯಾಟ್ ಆಸುಪಾಸಿನ ಕರೆಂಟು ಕೂಡ ಕೊನೆಗೆ ಬಿಸಿಯೇ. ಎರಡೂ ಸೇರಿ ಆರೂವರೆ ಕಿಲೋವ್ಯಾಟ್ ದಾಟುತ್ತದೆ. ಬಚ್ಚಲುಮನೆಯ ದೊಡ್ಡ ಗೀಸರ್ ಎರಡು ಕಿಲೋವ್ಯಾಟಿನದು. ಅಂಥ ಮೂರು ಗೀಸರ್ ಒಟ್ಟಿಗೆ ಹಾಕಿದಷ್ಟು ಬಿಸಿಯನ್ನು ನಿಮ್ಮ ಬಾಲ್ಕನಿಯ ಆ ಒಂದು ಪೆಟ್ಟಿಗೆ ಹೊರಗೆ ಊದಬೇಕು. ಅದು ಗೂಡಿನೊಳಗೆ ಕೂತಿದೆ. ಊದಿದ ಬಿಸಿಗಾಳಿ ಕಿಂಡಿಯ ಪಟ್ಟಿಗೆ ಬಡಿದು ಅರ್ಧಕ್ಕರ್ಧ ಒಳಗೇ ತಿರುಗಿ, ಹಿಂದಿನಿಂದ ಮತ್ತೆ ಅದೇ ಯೂನಿಟ್ಟಿನ ಕಾಯಿಲ್‌ಗೆ, ಅಂದರೆ ಬಿಸಿ ಹೊರಬಿಡುವ ಪೈಪಿನ ಸುರುಳಿಗೆ ಹೋಗುತ್ತದೆ.

ಎಸಿಯ ಮೇಲೆ ಬರೆದಿರುವ ಟನ್ ಲೆಕ್ಕ ಹೊರಗೆ 35 ಡಿಗ್ರಿ ಇದ್ದಾಗಿನದು. ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯೊಳಗೆ ಮಧ್ಯಾಹ್ನ 35 ದಾಟುವುದು ಮಾಮೂಲು. ಪಶ್ಚಿಮದ ಬಿಸಿಲಿಗೆ ಕಾದ ತಗಡಿನ ಗೂಡಿನೊಳಗೆ ಗಾಳಿ 45 ದಾಟುವುದು ಏನೂ ಕಷ್ಟವಿಲ್ಲ. ಆಗ ಪೈಪಿನೊಳಗಿನ ಗ್ಯಾಸಿನ ಪ್ರೆಶರ್ ಏರುತ್ತದೆ. ಹಳೇ ಕಾಲದ ಎಸಿ ಆಗಿದ್ದರೆ ಓವರ್‌ಲೋಡ್ ಆಗಿ ಟ್ರಿಪ್ ಆಗುತ್ತಿತ್ತು, ನಿಮಗೂ ತಟ್ಟನೆ ಗೊತ್ತಾಗುತ್ತಿತ್ತು. ನಿಮ್ಮದು ಇನ್ವರ್ಟರ್. ಅದು ತಟ್ಟನೆ ನಿಲ್ಲುವುದಿಲ್ಲ, ತನ್ನನ್ನು ಉಳಿಸಿಕೊಳ್ಳಲು ಕಂಪ್ರೆಸರ್ ವೇಗ ಇಳಿಸಿಕೊಳ್ಳುತ್ತದೆ. ಒಳಗಿನ ಬ್ಲೋವರ್ ಎಂದಿನಂತೆ ತಿರುಗುತ್ತಲೇ ಇರುತ್ತದೆ. ನೀವು ಬರೆದ “ಬರೀ ಗಾಳಿ” ಇದೇ. ರಿಮೋಟಿನಲ್ಲಿ 18 ಇಟ್ಟರೂ 16 ಇಟ್ಟರೂ ಆಗ ವ್ಯತ್ಯಾಸ ಆಗುವುದಿಲ್ಲ.

ಪರೀಕ್ಷೆ ಸುಲಭ. ಗೂಡಿನ ಮುಂದಿನ ಪಟ್ಟಿ ಮತ್ತು ಎರಡು ಪಕ್ಕದ ತಗಡು ಬಿಚ್ಚಿಸಿ, ಒಂದೆರಡು ಮಧ್ಯಾಹ್ನ ಎಸಿ ಓಡಿಸಿ ನೋಡಿ. ಅದೇ ಎರಡು ಗಂಟೆ, ರಿಮೋಟಿನಲ್ಲಿ 24 ಅಥವಾ 25 ಡಿಗ್ರಿ. ತಂಪು ಬಂತು ಅಂದರೆ ನಿಮ್ಮ ಪ್ರಶ್ನೆ ಮುಕ್ಕಾಲು ಮುಗಿಯಿತು. ಬಿಚ್ಚಿದಾಗ ಔಟ್‌ಡೋರಿನ ಹಿಂಬದಿಯ ಕಾಯಿಲ್ ಕಡೆಗೂ ಟಾರ್ಚ್ ಬಿಡಿ. ಅಲ್ಯೂಮಿನಿಯಂ ಪಟ್ಟಿಗಳ ಸಂದಿನಲ್ಲಿ ಕೆಮ್ಮಣ್ಣಿನ ಧೂಳು ಹಕ್ಕಳೆ ಥರ ಕೂತಿದ್ದರೆ, ಎಸಿ ಮತ್ತು ಎಂಸಿಬಿ (ಅದರ ಕರೆಂಟಿನ ಮೇನ್ ಸ್ವಿಚ್) ಎರಡನ್ನೂ ಆಫ್ ಮಾಡಿ, ಗಿಡಕ್ಕೆ ನೀರು ಬಿಡುವ ಪೈಪಿನಲ್ಲಿ ಮೆಲ್ಲಗೆ ತೊಳೆಯಬಹುದು. ಕಾರು ತೊಳೆಯುವ ಪ್ರೆಶರ್ ಗನ್ ಬೇಡ, ಪಟ್ಟಿ ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಕರೆಂಟಿನ ಭಾಗ ಇರುವ ಬದಿಗೆ ನೀರು ಬಿಡಬೇಡಿ. ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ಸುಲಿಯುವ ಮೆಷಿನ್ ಇಟ್ಟುಕೊಂಡ ಮನೆಗಳಲ್ಲಿ ಈ ಕೆಲಸ ಇನ್ನೂ ಮುಖ್ಯ. ಸಿಪ್ಪೆಯ ನಾರು, ದೂಳು ಕಾಯಿಲ್ ಮೇಲೆ ಕಂಬಳಿ ಹಾಸಿದ ಹಾಗೆ ಕೂತುಬಿಡುತ್ತದೆ. ಸುಲಿತ ಮುಗಿದ ಮೇಲೆ ತೊಳೆಸದೇ ಬೇಸಿಗೆಗೆ ಎಸಿ ಹಾಕಿದರೆ ಕಷ್ಟ.

ಇರಚಲಿಗೆ ಏನು ಮಾಡೋದು ಅಂತ ನೀವು ಕೇಳುತ್ತೀರಿ. ಮಲೆನಾಡಿನವರಿಗೆ ಮಳೆಗೆ ಮರೆ ಕಟ್ಟದೇ ಸಮಾಧಾನ ಇರುವುದಿಲ್ಲ, ನನಗೂ ಅರ್ಥವಾಗುತ್ತದೆ. ಆದರೆ ಔಟ್‌ಡೋರ್ ಯೂನಿಟ್ ಮಳೆಯಲ್ಲಿ ನೆನೆಯಲೆಂದೇ ಮಾಡಿದ ವಸ್ತು. ತೀರಾ ಬೇಕೇ ಬೇಕು ಅನಿಸಿದರೆ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಸಣ್ಣ ಶೀಟ್ ಹಾಕಿಸಿ, ಸಾಕು. ಹಿಂದೆ ಗೋಡೆಗೆ ಸುಮಾರು ಒಂದು ಅಡಿ ಜಾಗ, ಮುಂದೆ ಕನಿಷ್ಠ ಮೂರು ಅಡಿ ಬಯಲು, ಪಕ್ಕಗಳು ತೆರೆದಿರಲಿ. ಮಳೆಗಾಲದಲ್ಲಿ ಎಸಿ ಹಾಕದೇ ಇರುವ ತಿಂಗಳುಗಳಲ್ಲಿ ಮುಚ್ಚಿಡಬಹುದಾ ಅಂದರೆ, ಮೇಲ್ಭಾಗ ಮಾತ್ರ ಮುಚ್ಚಿ. ಪೂರ್ತಿ ಟಾರ್ಪಾಲ್ ಸುತ್ತಿದರೆ ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ, ಇಲಿಗೂ ಬೆಚ್ಚಗಿನ ಜಾಗ ಆಗುತ್ತದೆ.

ಈಗ ರೂಮಿನ ಒಳಗೆ ಬನ್ನಿ. ಇಂಡೋರ್ ಮುಚ್ಚಳ ಎತ್ತಿ ಫಿಲ್ಟರ್ ಎರಡೂ ತೆಗೆದು ಬೆಳಕಿಗೆ ಹಿಡಿಯಿರಿ. ಜಾಲರಿಯ ಆಚೆ ಕಿಟಕಿ ಕಾಣದಿದ್ದರೆ ಗಾಳಿಯೂ ಹೋಗುತ್ತಿಲ್ಲ. ನಲ್ಲಿ ನೀರಿನಲ್ಲಿ ಹಿಂಭಾಗದಿಂದ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಮಾಡಿದರೆ ಒಳ್ಳೆಯದು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಎಲ್ಲರೂ ಮರೆಯುವುದು ಬ್ಲೋವರನ್ನು. ಎಸಿ ಆಫ್ ಮಾಡಿ, ಗಾಳಿ ಬರುವ ಬಾಯಿಯ ರೆಕ್ಕೆ ಕೈಯಲ್ಲಿ ಮೆಲ್ಲಗೆ ತೆರೆದು, ಟಾರ್ಚ್ ಬಿಟ್ಟು ಒಳಗೆ ನೋಡಿ. ಉದ್ದನೆಯ ಉರುಳೆಯಂಥ ಫ್ಯಾನ್ ಕಾಣುತ್ತದೆ. ಅದರ ಸಣ್ಣ ಸಣ್ಣ ಎಲೆಗಳ ಒಳಮೈಗೆ ಕಪ್ಪು ಕೆಸರಿನಂಥದ್ದು ಅಂಟಿದೆಯಾ? ಅದು ದೂಳು ಮತ್ತು ಬೂಷ್ಟು ಸೇರಿದ್ದು. ನಮ್ಮಲ್ಲಿ ಜೂನ್‌ನಿಂದ ಗಾಳಿಯಲ್ಲಿ ತೇವ ತುಂಬಿರುತ್ತದೆ, ಎಸಿ ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತದೆ. ಬೇಸಿಗೆಯ ಕೊನೆಗೆ ಒದ್ದೆ ಕಾಯಿಲ್ ಹಾಗೇ ಬಿಟ್ಟಿದ್ದರೆ ಬೂಷ್ಟಿಗೆ ಹಬ್ಬ. ಎಲೆಗಳ ಕುಳಿ ತುಂಬಿದ ಬ್ಲೋವರ್ ಅದೇ ವೇಗದಲ್ಲಿ ತಿರುಗಿದರೂ ಗಾಳಿ ಕಡಿಮೆ ತಳ್ಳುತ್ತದೆ. ಇದನ್ನು ಮನೆಯಲ್ಲಿ ತೊಳೆಯಲು ಹೋಗಬೇಡಿ, ಮೋಟಾರಿಗೆ ನೀರು ಹೋದೀತು. ಮೆಕ್ಯಾನಿಕ್ ಬಂದಾಗ “ಬ್ಲೋವರ್ ತೊಳೆದು ಕೊಡಿ” ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಬಹಳಷ್ಟು ಸಲ ಫಿಲ್ಟರ್ ಮತ್ತು ಕಾಯಿಲ್ ತೊಳೆದು ಸರ್ವಿಸ್ ಆಯ್ತು ಅನ್ನುತ್ತಾರೆ. ಮುಂದಿನ ಸಲ ಎಸಿ ಬಳಕೆ ನಿಲ್ಲಿಸುವ ಮುಂಚೆ, ಬಿಸಿಲಿರುವ ಒಂದು ದಿನ ಫ್ಯಾನ್ ಮೋಡಿನಲ್ಲಿ ಎರಡು ಮೂರು ಗಂಟೆ ಓಡಿಸಿ ಒಣಗಿಸಿ.

ರಿಮೋಟನ್ನೂ ಒಮ್ಮೆ ನೋಡಿ. ಈಚಿನ ಇನ್ವರ್ಟರ್ ಎಸಿಗಳಲ್ಲಿ ಕರೆಂಟು ಉಳಿಸಲು ಶಕ್ತಿಯನ್ನು 40, 60, 80 ಪರ್ಸೆಂಟಿಗೆ ಇಳಿಸುವ ಬಟನ್ ಇರುತ್ತದೆ. ಮಳೆಗಾಲದಲ್ಲಿ ಯಾರೋ ಒತ್ತಿದ್ದು ಬೇಸಿಗೆಯವರೆಗೂ ಹಾಗೇ ಉಳಿಯಬಹುದು. ಎಕೋ, ಸ್ಲೀಪ್, ಡ್ರೈ ಮೋಡ್ ಆನ್ ಆಗಿಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಒಂದು ಅಳತೆ ತೆಗೆಯಿರಿ. ಒಂದು ಸಾಧಾರಣ ಥರ್ಮಾಮೀಟರ್ ಸಾಕು, ಜ್ವರ ನೋಡುವುದಲ್ಲ, ರೂಮಿನ ಉಷ್ಣಾಂಶ ತೋರಿಸುವುದು. ಎಸಿಯನ್ನು ಕೂಲ್ ಮೋಡಿನಲ್ಲಿ 18ಕ್ಕಿಟ್ಟು, ಫ್ಯಾನ್ ಜೋರು ಮಾಡಿ ಹದಿನೈದು ಇಪ್ಪತ್ತು ನಿಮಿಷ ಓಡಿಸಿ. ಮೇಲೆ ಗಾಳಿ ಒಳಗೆ ಹೋಗುವ ಕಡೆ ಎಷ್ಟಿದೆ, ಕೆಳಗೆ ಹೊರಬರುವ ಕಡೆ ಎಷ್ಟಿದೆ ನೋಡಿ. ಬೇಸಿಗೆಯಲ್ಲಿ ಎರಡರ ನಡುವೆ 8ರಿಂದ 12 ಡಿಗ್ರಿ ಅಂತರ ಇದ್ದರೆ ಎಸಿ ತನ್ನ ಕೆಲಸ ಮಾಡುತ್ತಿದೆ. ನಾಲ್ಕೈದು ಡಿಗ್ರಿ ಅಷ್ಟೇ ಇದ್ದರೆ ತೊಂದರೆ ಇದೆ. ಇದನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮಾಡಿ ಚೀಟಿಯಲ್ಲಿ ಬರೆದಿಡಿ. ಮೆಕ್ಯಾನಿಕ್ ಕೈಗೆ ಈ ಚೀಟಿ ಕೊಟ್ಟರೆ ಮಾತಿನ ದಾರಿಯೇ ಬದಲಾಗುತ್ತದೆ.

ಆದರೆ ಇದೇ ಲೆಕ್ಕವನ್ನು ಜೂನ್‌ನಲ್ಲಿ ಹಾಕಬೇಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಎಸಿಯ ಶಕ್ತಿಯ ಒಂದು ಪಾಲು ಆ ತೇವವನ್ನು ನೀರು ಮಾಡಲು ಖರ್ಚಾಗುತ್ತದೆ. ಗಂಟೆಗೆ ಎರಡು ಲೀಟರ್ ನೀರು ಡ್ರೈನ್ ಪೈಪಿನಿಂದ ಬಿದ್ದರೆ, 5.2ರಲ್ಲಿ 1.3 ಕಿಲೋವ್ಯಾಟಿಗೂ ಜಾಸ್ತಿ ಅದಕ್ಕೇ ಹೋಯಿತು. ಅಂತರ ಕಡಿಮೆ ಕಾಣುತ್ತದೆ, ಆದರೆ ಮೈಗೆ ಹಿತವಾಗಿರುತ್ತದೆ. ಅಂಥ ದಿನ ಡ್ರೈ ಮೋಡ್ ಒಳ್ಳೆಯದು.

ಈಗ ಗ್ಯಾಸ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಜನರ ದುಡ್ಡು ಜಾಸ್ತಿ ಹೋಗುವುದು ಇಲ್ಲೇ.

ಎಸಿಯೊಳಗಿನ ಗ್ಯಾಸ್ ಮುಗಿಯುವ ವಸ್ತು ಅಲ್ಲ. ಎಸಿ ಓಡಿದಷ್ಟೂ ಅದು ಖರ್ಚಾಗುವುದಿಲ್ಲ, ಸವೆಯುವುದಿಲ್ಲ. ಬೆಸುಗೆ ಹಾಕಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಸರಿಯಾಗಿ ಕೂರಿಸಿದ ಎಸಿಗೆ ಅದರ ಆಯಸ್ಸಿನುದ್ದಕ್ಕೂ ಗ್ಯಾಸ್ ಹಾಕುವ ಅಗತ್ಯ ಬರಬಾರದು. ಗ್ಯಾಸ್ ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರಿದೆ. ಸೋರಿದ ಜಾಗ ಮುಚ್ಚದೇ ಮತ್ತೆ ತುಂಬಿಸಿದರೆ ಅದೂ ಅದೇ ದಾರಿಯಲ್ಲಿ ಹೋಗುತ್ತದೆ. ಹಾಗಾಗಿ “ಪ್ರತಿ ವರ್ಷ ಹಾಕಿಸಬೇಕಾ?” ಅನ್ನುವುದಕ್ಕೆ ನನ್ನ ಉತ್ತರ: ಖಂಡಿತ ಇಲ್ಲ. ಹೋದ ವರ್ಷ ಹಾಕಿದಾಗ ಎಲ್ಲಿ ಸೋರುತ್ತಿತ್ತು ಅಂತ ಅವರು ತೋರಿಸಿದ್ದರಾ, ನೆನಪು ಮಾಡಿಕೊಳ್ಳಿ. ತೋರಿಸದಿದ್ದರೆ ಎರಡರಲ್ಲಿ ಒಂದು. ಅವತ್ತು ಗ್ಯಾಸ್ ಕಡಿಮೆಯೇ ಆಗಿರಲಿಲ್ಲ, ಇಲ್ಲವೇ ಸೋರಿಕೆ ಇವತ್ತೂ ಇದೆ.

ಮೆಕ್ಯಾನಿಕ್ ಬರುವ ಮುಂಚೆ ನೀವೇ ಒಂದಷ್ಟು ತಿಳಿಯಬಹುದು. ಔಟ್‌ಡೋರಿಗೆ ಎರಡು ತಾಮ್ರದ ಪೈಪು ಸೇರುತ್ತವೆ, ಒಂದು ದಪ್ಪ, ಒಂದು ಸಣ್ಣ. ಎಸಿ ಅರ್ಧ ಗಂಟೆ ಓಡಿದ ಮೇಲೆ ಅವು ಸೇರುವ ಹಿತ್ತಾಳೆ ನಟ್‌ಗಳ ಹತ್ತಿರ ನೋಡಿ. ಕಂಪ್ರೆಸರ್ ಜೋರಾಗಿ ಓಡುತ್ತಿರುವಾಗ ದಪ್ಪ ಪೈಪು ತಣ್ಣಗಾಗಿ ಬೆವರಿರಬೇಕು. ಸಣ್ಣದರ ಮೇಲೆ ಬಿಳಿ ಮಂಜು ಕಟ್ಟಿ, ದಪ್ಪದ್ದು ಒಣಗಿ ಬೆಚ್ಚಗಿದ್ದರೆ ಗ್ಯಾಸ್ ಕಡಿಮೆ ಅನ್ನುವ ಅನುಮಾನಕ್ಕೆ ಬಲ ಬರುತ್ತದೆ. ಒಳಗಿನ ಕಾಯಿಲ್ ಕೂಡ ನೋಡಿ. ಒಂದು ಮೂಲೆಯಲ್ಲಿ ಮಾತ್ರ ಮಂಜು ಕಟ್ಟಿ ಉಳಿದದ್ದೆಲ್ಲ ಒಣಗಿದ್ದರೆ ಅದೂ ಗ್ಯಾಸಿನ ಕಡೆಗೇ ಕೈ ತೋರಿಸುತ್ತದೆ. ಇಡೀ ಕಾಯಿಲ್ ಮಂಜುಗಟ್ಟಿದ್ದರೆ ಮೊದಲು ಫಿಲ್ಟರ್, ಬ್ಲೋವರ್ ನೋಡಿ, ಅಲ್ಲಿ ಗಾಳಿ ಸಾಲುತ್ತಿಲ್ಲ. ನಟ್ ಸುತ್ತ ಎಣ್ಣೆ ಜಿಡ್ಡಿಗೆ ದೂಳು ಮೆತ್ತಿಕೊಂಡಿದೆಯಾ ಅಂತಲೂ ನೋಡಿ. ಗ್ಯಾಸ್ ಜೊತೆ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಬರುವುದರಿಂದ ಸೋರುವ ಜಾಗ ಜಿಡ್ಡಾಗಿರುತ್ತದೆ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಆ ನಟ್ ಹತ್ತಿರ, ಇಲ್ಲವೇ ಒಳಗಿನ ತಾಮ್ರದ ಕಾಯಿಲ್‌ನಲ್ಲಿ, ಬಹುತೇಕ ಸೋರಿಕೆ ಈ ಎರಡು ಕಡೆಯೇ. ಕಾಯಿಲ್‌ನಲ್ಲಿ ಆಗುವುದು ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ತೇವದ ಜೊತೆ ಹೊಸ ಪ್ಲೈವುಡ್, ಕೆಲವು ಫಿನೈಲ್, ಪೇಂಟುಗಳಿಂದ ಬರುವ ಆಮ್ಲದ ಆವಿ ಸೇರಿ ತಾಮ್ರದ ಗೋಡೆಯೊಳಗೆ ಇರುವೆ ಗೂಡಿನಂಥ ಸಂದು ಕೊರೆಯುತ್ತದೆ. ಇದಕ್ಕೆ ಕಾಯಿಲ್ ಬದಲಿಸುವುದೇ ದಾರಿ.

ನಿಜವಾಗಿ ಸೋರಿಕೆ ಸಿಕ್ಕಿದರೆ ರಿಪೇರಿ ಹೇಗೆ ಆಗಬೇಕು, ಅದನ್ನೂ ತಿಳಿದಿರಿ. ಸೋರಿದ ಜಾಗ ಸರಿಮಾಡಿದ ಮೇಲೆ ನೈಟ್ರೋಜನ್ ತುಂಬಿ ಪ್ರೆಶರ್ ನಿಲ್ಲುತ್ತದಾ ಅಂತ ಕಾದು ನೋಡಬೇಕು. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎರಡನ್ನೂ ಎಳೆಯಬೇಕು. ನಮ್ಮ ಹವೆಗೆ ಈ ಹೆಜ್ಜೆ ಬಿಡಲೇಬಾರದು. ಸಮಯ ಉಳಿಸಲು ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ತಳ್ಳಿಬಿಡುವವರಿದ್ದಾರೆ, ಅದಕ್ಕೆ ಒಪ್ಪಬೇಡಿ. ಒಳಗೆ ಉಳಿದ ತೇವ ಎಣ್ಣೆಯನ್ನು ಕೆಡಿಸಿ ಕಂಪ್ರೆಸರ್ ತಿನ್ನುತ್ತದೆ. ಕೊನೆಗೆ ಗ್ಯಾಸನ್ನು ತೂಕದ ಮೇಲೆ ಹಾಕಬೇಕು. ಎಷ್ಟು ಗ್ರಾಂ ಅಂತ ಔಟ್‌ಡೋರಿನ ಪಕ್ಕದ ಚೀಟಿಯಲ್ಲೇ ಬರೆದಿರುತ್ತದೆ, ಗ್ಯಾಸಿನ ಹೆಸರೂ ಇರುತ್ತದೆ. ನಾಲ್ಕು ವರ್ಷದ ಹಿಂದಿನದಾದ್ದರಿಂದ ನಿಮ್ಮದು ಆರ್-32 ಇರುವ ಸಂಭವ ಹೆಚ್ಚು. ಇನ್ವರ್ಟರ್ ಎಸಿಗೆ ಬರೀ ಗೇಜ್ ಹಾಕಿ ಪ್ರೆಶರ್ ನೋಡಿ “ಕಡಿಮೆ ಇದೆ” ಅನ್ನುವುದು ಸರಿಯಲ್ಲ. ಕಂಪ್ರೆಸರ್ ವೇಗ ಬದಲಾದ ಹಾಗೆ ಗೇಜ್ ಮುಳ್ಳೂ ಬದಲಾಗುತ್ತದೆ. ಫೋನಿನಲ್ಲಿ ಹೇಳುವುದಂತೂ ಸಾಧ್ಯವೇ ಇಲ್ಲ.

ಒಂದು ಎಚ್ಚರಿಕೆ. ಆರ್-32ಕ್ಕೆ ಬೆಂಕಿ ಹಿಡಿಯುವ ಗುಣ ಸ್ವಲ್ಪ ಇದೆ, ಕೆಲವು ಎಸಿಗಳಲ್ಲಿರುವ ಆರ್-290 ಅನ್ನುವ ಗ್ಯಾಸಿಗೆ ಬಹಳ ಇದೆ. ಕೆಲಸ ನಡೆಯುವಾಗ ಕಿಟಕಿ ಬಾಗಿಲು ತೆರೆದಿರಲಿ, ದೇವರ ದೀಪ ಕೂಡ ಹತ್ತಿರ ಬೇಡ. ಸೋರಿಕೆ ನೋಡಲು ಆಕ್ಸಿಜನ್ ಸಿಲಿಂಡರ್ ತಂದರೆ ತಕ್ಷಣ ನಿಲ್ಲಿಸಿ. ಎಣ್ಣೆ ಮತ್ತು ಆಕ್ಸಿಜನ್ ಒತ್ತಡದಲ್ಲಿ ಸೇರಿದರೆ ಸ್ಫೋಟ ಆಗುತ್ತದೆ. ಔಟ್‌ಡೋರಿನ ಕರೆಂಟಿನ ಮುಚ್ಚಳವನ್ನು ನೀವು ಬಿಚ್ಚಬೇಡಿ. ಎಂಸಿಬಿ ಆಫ್ ಮಾಡಿದ ಮೇಲೂ ಇನ್ವರ್ಟರ್ ಬೋರ್ಡಿನ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು 300 ವೋಲ್ಟಿಗೂ ಜಾಸ್ತಿ ಉಳಿದಿರಬಹುದು.

ವೋಲ್ಟೇಜ್ ಕೂಡ ಒಂದು ಕಾರಣ ಆಗಬಹುದು. ಬೇಸಿಗೆ ಮಧ್ಯಾಹ್ನ ಬೀದಿಯ ಎಲ್ಲ ಮನೆಯ ಎಸಿ, ಪಂಪು ಒಟ್ಟಿಗೆ ಓಡುವಾಗ ವೋಲ್ಟೇಜ್ ಇಳಿದರೆ ಇನ್ವರ್ಟರ್ ಮತ್ತೆ ತನ್ನ ವೇಗ ಇಳಿಸುತ್ತದೆ. ಸ್ಟೆಬಿಲೈಸರ್ ಇದ್ದರೆ ಅದರ ಮೇಲೆ ಮಧ್ಯಾಹ್ನ ಮೂರಕ್ಕೆ ಎಷ್ಟು ತೋರಿಸುತ್ತದೆ ಬರೆದಿಡಿ. ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ ಮುಟ್ಟಿದರೆ ಸುಡುವ ಹಾಗಿದ್ದರೆ, ಎಸಿ ನಿಲ್ಲಿಸಿ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಅದು ತಂಪಿನ ಪ್ರಶ್ನೆ ಅಲ್ಲ, ಬೆಂಕಿಯ ಪ್ರಶ್ನೆ. ಒಂದೂವರೆ ಟನ್ನಿಗೆ 4 ಚದರ ಮಿ.ಮೀ. ತಾಮ್ರದ ವೈರು ಬೇರೆಯಾಗಿ ಎಳೆದಿರಬೇಕು.

ನಮ್ಮ ಕಡೆ ಹುಳುಹುಪ್ಪಟೆಯ ಕಾಟವೂ ಇದೆ. ಬೋರ್ಡಿನ ಮೇಲೆ ಹಲ್ಲಿ ಸತ್ತು, ಇರುವೆ ಗೂಡು ಕಟ್ಟಿ ಎಸಿ ನಿಲ್ಲುವುದುಂಟು. ಡ್ರೈನ್ ಪೈಪಿನ ತುದಿಗೆ ಕುಂಬಾರ ಹುಳು ಮಣ್ಣಿನ ಬಿರಡೆ ಹಾಕಿದರೆ ನೀರು ಗೋಡೆ ಮೇಲೆ ಇಳಿಯುತ್ತದೆ. ಪೈಪಿನ ಬಾಯಿಗೆ ತೆಳ್ಳನೆ ಸೊಳ್ಳೆ ಪರದೆ ಕಟ್ಟಿ, ಆಗಾಗ ತೆಗೆದು ತೊಳೆಯಿರಿ.

ಹೊಸ ಎಸಿ? ಬೇಡ. 12ಕ್ಕೆ 13ರ ರೂಮಿಗೆ ಒಂದೂವರೆ ಟನ್ ಸಾಕು, ಮೇಲೆ ತಾರಸಿ ಇದ್ದರೂ. ಆ ದುಡ್ಡಿನ ಸಣ್ಣ ಪಾಲಿನಲ್ಲಿ ತಾರಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಹೊಡೆಸಿ, ಪಶ್ಚಿಮದ ಕಿಟಕಿಗೆ ಹೊರಗಿನಿಂದ ಬಿದಿರಿನ ಪರದೆ ಇಳಿಬಿಡಿ. ಗಾಜು ದಾಟಿ ಒಳಗೆ ಬಂದ ಬಿಸಿಲನ್ನು ಒಳಗಿನ ಪರದೆ ಅಷ್ಟಾಗಿ ತಡೆಯುವುದಿಲ್ಲ. ಸಂಜೆ ಆರರ ಹೊತ್ತಿಗೆ ನಿಮ್ಮ ರೂಮಿನ ಸೂರು ಕೈಯಿಟ್ಟರೆ ಬಿಸಿ ಇರುತ್ತದಲ್ವಾ, ಅದರಲ್ಲಿ ತುಂಬಿರುವುದು ಮಧ್ಯಾಹ್ನದ ಬಿಸಿಲೇ. 18ಕ್ಕೆ ಇಡುವುದನ್ನೂ ಬಿಡಿ. ಸ್ಟಾರ್ ಲೇಬಲ್ ಇರುವ ಎಸಿಗಳು 24ಕ್ಕೆ ಹೊಂದಿಸಿಯೇ ಬರಬೇಕು ಅಂತ 2020ರ ಜನವರಿಯಿಂದ ನಿಯಮ ಇದೆ. 24ಕ್ಕೆ ಇಟ್ಟು ಸೀಲಿಂಗ್ ಫ್ಯಾನ್ ನಿಧಾನಕ್ಕೆ ಹಾಕಿದರೆ ನಿದ್ದೆಗೆ ಸಾಕು.

ಗೂಡು ಬಿಚ್ಚಿ, ಒಳಗೆ ಹೊರಗೆ ಎರಡೂ ತೊಳೆಸಿದ ಮೇಲೂ ಮಧ್ಯಾಹ್ನದ ಅಂತರ ಐದು ಡಿಗ್ರಿ ಮೇಲೆ ಏರದಿದ್ದರೆ ಆಗ ಸೋರಿಕೆ ಹುಡುಕಿಸಿ. ಕಾಯಿಲ್ ಅಥವಾ ಬೋರ್ಡ್ ಹೋಗಿದೆ ಅಂದರೆ ಖರೀದಿಯ ಬಿಲ್ ತೆಗೆದು ಮೊದಲು ಕಂಪನಿಯವರಿಗೇ ಫೋನ್ ಮಾಡಿ. ಕಂಪ್ರೆಸರಿಗೆ ಹೆಚ್ಚಿನ ಕಂಪನಿಗಳು ಉದ್ದದ ವಾರಂಟಿ ಕೊಡುತ್ತವೆ, ಕೆಲವರು ಬೋರ್ಡಿಗೂ ಕೊಟ್ಟಿರುತ್ತಾರೆ. ಹೊರಗಿನವರು ಬಿಚ್ಚಿದ ಮೇಲೆ ಅದನ್ನು ಕೇಳುವುದು ಕಷ್ಟವಾಗುತ್ತದೆ.